ಬರೀ ಕ್ಯಾಮೆರಾ ನಿಲ್ಲಿಸಿದರೆ ಆಗಿಬಿಡುತ್ತಾ?

ಪತ್ರ: ಹಿಂದಿನ ಸಂಚಿಕೆಯಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್‌ನ ಮೂಕಿ ಚಿತ್ರಗಳನ್ನು ಜಾಸ್ತಿಯೇ ಹೊಗಳಿದ್ದೀರಿ. ಕ್ಯಾಮೆರಾ ನಿಲ್ಲಿಸು, ಹೆಂಗಸನ್ನು ಆಚೆ ಕಳಿಸು, ಮತ್ತೆ ತಿರುಗಿಸು. ಇಷ್ಟೇ ತಾನೆ? ಈಗ ಮಕ್ಕಳು ಮೊಬೈಲಿನಲ್ಲೇ ಇದನ್ನು ಮಾಡುತ್ತಾರೆ.
– ಒಬ್ಬ ಓದುಗ, ಮೈಸೂರು

ಉತ್ತರ: ಮಕ್ಕಳು ಮಾಡುತ್ತಾರೆ, ನಿಜ. ಆ ಚಿತ್ರಗಳಲ್ಲಿ ಕಥೆ ತೆಳು ಅಂದರೂ ಒಪ್ಪುತ್ತೇನೆ. ಆದರೆ ‘ಇಷ್ಟೇ ತಾನೆ’ ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ.

1896ರಲ್ಲಿ ಹೆಂಗಸು ಮಾಯವಾಗುವ ಚಿತ್ರ ತೆಗೆದಾಗ ಕ್ಯಾಮೆರಾವನ್ನು ಕೈಯಿಂದಲೇ ತಿರುಗಿಸಬೇಕಿತ್ತು. ನಿಲ್ಲಿಸುವಾಗ ಕೈ ನಿಧಾನವಾಗುತ್ತದೆ, ಫಿಲ್ಮಿಗೆ ಬೆಳಕು ಹೆಚ್ಚು ಬೀಳುತ್ತದೆ, ಚಿತ್ರ ಬೆಳ್ಳಗಾಗುತ್ತದೆ. ಆ ಫ್ರೇಮುಗಳನ್ನು ಕತ್ತರಿಸಿ, ಎರಡೂ ತುದಿ ಅಂಟಿಸಿದರೇನೇ ಮಾಯ. ಉಳಿದಿರುವ ಮೆಲಿಯೆಸ್ ಚಿತ್ರಗಳಲ್ಲಿ ಆ ಅಂಟಿನ ಗುರುತುಗಳು ಇವೆ. ಅದೃಷ್ಟವಲ್ಲ, ಅದು ಕತ್ತರಿಯ ಲೆಕ್ಕಾಚಾರ.

1900ರ ಚಿತ್ರವೊಂದರಲ್ಲಿ ಏಳು ಮೆಲಿಯೆಸ್‌ಗಳು ಒಟ್ಟಿಗೆ ಕೂತು ವಾದ್ಯ ನುಡಿಸುತ್ತಾರೆ. ಏಳೂ ಜನ ಅವನೇ; ಒಬ್ಬೊಬ್ಬನನ್ನು ತೆಗೆದ ಮೇಲೆ ಅದೇ ಫಿಲ್ಮನ್ನು ಕ್ಯಾಮೆರಾದಲ್ಲಿ ಹಿಂದಕ್ಕೆ ಸುತ್ತಿ, ಅದರ ಮೇಲೇ ಮತ್ತೆ ಚಿತ್ರ ತೆಗೆಯಬೇಕು. ಏಳನೆಯವನು ಒಂದು ಕ್ಷಣ ತಪ್ಪಿದರೆ ಮೊದಲ ಆರೂ ಜನರ ಕೆಲಸ ಹಾಳು! 1901ರಲ್ಲಿ ತಲೆಯೊಂದು ಬಲೂನಿನಂತೆ ಊದುತ್ತದೆ. ಕ್ಯಾಮೆರಾ ಇದ್ದಲ್ಲೇ ಇತ್ತು. ಗಾಲಿ ಕುರ್ಚಿಯಲ್ಲಿ ಕೂತ ಮೆಲಿಯೆಸ್‌ನನ್ನೇ ಇಳಿಜಾರಿನ ಮೇಲೆ ಅದರ ಹತ್ತಿರಕ್ಕೆ ಎಳೆದರು. ಎಷ್ಟು ಜಾಣತನ, ನೋಡಿ.

ಬಣ್ಣದ ಮಾತಿಗೆ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಪ್ಯಾರಿಸ್ಸಿನಲ್ಲಿ ಮೆಲಿಯೆಸ್‌ನ ಕಪ್ಪು-ಬಿಳುಪು ಚಿತ್ರಗಳಿಗೆ ಕೈಯಿಂದ ಬಣ್ಣ ಹಾಕಿಸುತ್ತಿದ್ದ ಎಲಿಜಬೆತ್ ತುಯಿಲಿಯೇ ಎಂಬಾಕೆಯ ಕಾರ್ಯಾಗಾರದಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದರು. 35 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ, ಫ್ರೇಮಿನಿಂದ ಫ್ರೇಮಿಗೆ, ಒಬ್ಬೊಬ್ಬಳೂ ಒಂದೊಂದೇ ಬಣ್ಣ ಹಚ್ಚುತ್ತಿದ್ದಳು. ತೆರೆಯ ಮೇಲೆ ಅವರ ಹೆಸರು ಬರಲೇ ಇಲ್ಲ.

‘ಇಷ್ಟೇ ತಾನೆ’ ಎಂಬ ಮಾತಿಗೆ ಬೆಲೆ ತೆರಬೇಕಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯ ಮೆಲಿಯೆಸ್‌ನ ಎಷ್ಟೋ ಫಿಲ್ಮುಗಳನ್ನು ಕರಗಿಸಿ ಬೂಟಿನ ಹಿಮ್ಮಡಿಗೆ ಬಳಸಿತು. 1923ರಲ್ಲಿ ಸೋತು ಹೋದ ಮೆಲಿಯೆಸ್ ಉಳಿದ ನೆಗೆಟಿವುಗಳನ್ನು ತಾನೇ ಸುಟ್ಟ. ಆಮೇಲೆ ರೈಲ್ವೆ ನಿಲ್ದಾಣದಲ್ಲಿ ಆಟಿಕೆ ಮಾರುತ್ತಿದ್ದ.

ಈಗಲೂ ನಾವು ಬದಲಾಗಿಲ್ಲ. ಗ್ರಾಫಿಕ್ಸ್ ಚಿತ್ರ ನೋಡಿ ಚಪ್ಪಾಳೆ ಹೊಡೆಯುತ್ತೇವೆ. ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಕೂತವರ ಹೆಸರು ಬರುವ ಹೊತ್ತಿಗೆ ಥಿಯೇಟರಿನವರು ಲೈಟ್ ಹಾಕಿ ಬಾಗಿಲು ತೆಗೆದಿರುತ್ತಾರೆ, ನಾವೂ ಎದ್ದು ನಿಂತಿರುತ್ತೇವೆ. ನೀವು ಪ್ರತಿ ತಿಂಗಳೂ ಆಸಕ್ತಿಯಿಂದ ಬರೆಯುವವರು, ಅದಕ್ಕೇ ಇಷ್ಟು ಹೇಳಿದೆ. ಆ ಊದುವ ತಲೆಯ ಚಿತ್ರ ಮೂರು ನಿಮಿಷವೂ ಇಲ್ಲ. ಒಮ್ಮೆ ನೋಡಿ, ಆಮೇಲೆ ಮತ್ತೆ ಬರೆಯಿರಿ.