ಸರ್ಕಾರ ಬದಲಾದರೆ ಮಗಳ ಬಿಎಸ್ಸಿ, ಆಮೇಲಿನ ಸಂಶೋಧನೆ ಏನಾಗುತ್ತದೆ?

ನಮಸ್ಕಾರ. ಮಗಳು ಕುಂದಾಪುರದಲ್ಲಿ ಸೆಕೆಂಡ್ ಪಿಯು ಸೈನ್ಸ್ ಮುಗಿಸುತ್ತಿದ್ದಾಳೆ, ಬಿಎಸ್ಸಿ ಮಾಡಿ ಸಂಶೋಧನೆಗೆ ಹೋಗುವ ಆಸೆ ಅವಳದ್ದು ಅಂತ ಬರೆದಿದ್ದೀರಿ. ಸರ್ಕಾರ ಬದಲಾದಾಗೆಲ್ಲ ಡಿಗ್ರಿಯ ನಿಯಮವೂ ಬದಲಾಗುತ್ತದೆ, 2028ರ ಚುನಾವಣೆ ಆದಮೇಲೆ ಅವಳ ಡಿಗ್ರಿಗೆ ಬೆಲೆ ಇರುತ್ತದಾ ಅಂತ ಕೇಳಿದ್ದೀರಿ.

ಬೆಲೆ ಇರುತ್ತದೆ. ಅದರ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ನಾನು ಉಡುಪಿಯ ಒಂದು ಅನುದಾನಿತ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಕಳೆದ ಐದು ವರ್ಷ ಕಂಡಷ್ಟು ಗೊಂದಲ ಅದಕ್ಕಿಂತ ಮೊದಲು ಕಂಡಿರಲಿಲ್ಲ.

2020ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿ ತಂದಿತು, ಎಲ್ಲರೂ ಎನ್‌ಇಪಿ ಅನ್ನುತ್ತೇವಲ್ಲ, ಅದು. ಇಡೀ ದೇಶದಲ್ಲಿ ಮೊದಲು ಜಾರಿ ಮಾಡಿದ್ದು ನಮ್ಮ ರಾಜ್ಯ. 2021ರ ಆಗಸ್ಟ್‌ನಲ್ಲಿ ಆದೇಶ ಬಂತು, ಅದೇ ವರ್ಷ ಸೇರಿದ ಮಕ್ಕಳಿಗೆ ಹೊಸ ಪದ್ಧತಿ. ಅಲ್ಲಿಯವರೆಗೆ ಬಿಎಸ್ಸಿ ಅಂದರೆ ಮೂರು ವರ್ಷ, ಮೂರು ವಿಷಯ. ಹೊಸದರಲ್ಲಿ ನಾಲ್ಕು ವರ್ಷ, ಎರಡು ಮುಖ್ಯ ವಿಷಯ, ಜೊತೆಗೆ ಓಪನ್ ಎಲೆಕ್ಟಿವ್ ಅಂದರೆ ಇಷ್ಟಪಟ್ಟು ಆರಿಸುವ ಬೇರೆ ವಿಷಯ, ನಡುವೆ ಬಿಟ್ಟು ಹೋಗಲು ಅವಕಾಶ. 2023ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಬದಲಾಯಿತು. ಅಕ್ಟೋಬರ್‌ನಲ್ಲಿ, ಉನ್ನತ ಶಿಕ್ಷಣದ ನಿಯಮ ಮಾಡುವ ಕೇಂದ್ರದ ಸಂಸ್ಥೆ ಯುಜಿಸಿಯ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿಯ ಆಯೋಗ ನೇಮಕವಾಯಿತು. ಅವರು ಕೊಟ್ಟ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ. ಮತ್ತೆ ಮೂರು ವರ್ಷ, ಮತ್ತೆ ಮೂರು ವಿಷಯ.

ನಮ್ಮ ಸ್ಟಾಫ್‌ರೂಮಿನಲ್ಲಿ ಅದು ಹೇಗಿತ್ತು ಅಂತ ಹೇಳುತ್ತೇನೆ. 2024–25ರಲ್ಲಿ ಮೊದಲ ವರ್ಷದವರು ಹೊಸ ನೀತಿಯವರು, ಎರಡನೇ ಮತ್ತು ಮೂರನೇ ವರ್ಷದವರು ಎನ್‌ಇಪಿಯವರು. ಇರುವುದು ಒಂದೇ ಲ್ಯಾಬು, ಅಟೆಂಡರ್ ಒಬ್ಬರೇ. ಬೆಳಿಗ್ಗೆಯ ತಂಡಕ್ಕೆ ಒಂದು ಸಿಲೆಬಸ್ಸಿನ ಪ್ರಯೋಗ, ಮಧ್ಯಾಹ್ನದ ತಂಡಕ್ಕೆ ಇನ್ನೊಂದರದ್ದು. ಟೈಮ್ ಟೇಬಲ್ಲಿನ ದೊಡ್ಡ ಹಾಳೆಯನ್ನು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಪೆನ್ಸಿಲಿನಲ್ಲೇ ಬರೆಯುತ್ತಿದ್ದರು. ಅಳಿಸಿ ಅಳಿಸಿ ಬುಧವಾರದ ಸಾಲಿನಲ್ಲಿ ಹಾಳೆ ತೂತು ಬಿದ್ದಿತ್ತು.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಪೆಟ್ಟು ಬಿದ್ದದ್ದು ಅತಿಥಿ ಉಪನ್ಯಾಸಕರಿಗೆ. ಮೂರು ವಿಷಯ ಎರಡಾದಾಗ ಯಾವ ವಿಷಯಕ್ಕೆ ಮಕ್ಕಳು ಕಡಿಮೆಯಾದರೋ ಅದರ ವರ್ಕ್‌ಲೋಡ್ ಇಳಿಯಿತು. ವರ್ಕ್‌ಲೋಡ್ ಇಳಿದರೆ ಮೊದಲು ಹೋಗುವುದು ಅವರ ತಾಸುಗಳು. ನಮ್ಮಲ್ಲಿ ಎಂಟು ವರ್ಷ ರಸಾಯನಶಾಸ್ತ್ರ ಕಲಿಸಿದ ಒಬ್ಬರು ಆಗ ಬಿಟ್ಟು ಹೋದರು. ಮೂರು ವಿಷಯ ಮರಳಿ ಬಂದಾಗ ಅವರು ಮರಳಿ ಬರಲಿಲ್ಲ. ಬಹಳ ಒಳ್ಳೆಯ ಮೇಷ್ಟ್ರು.

ಇನ್ನು ಮಕ್ಕಳು. 2021ರಲ್ಲಿ ಸೇರಿದ ಒಬ್ಬಳು ವಿದ್ಯಾರ್ಥಿನಿ ನಾಲ್ಕನೇ ವರ್ಷವನ್ನೂ ಓದಬೇಕು ಅಂತ ಮೊದಲಿನಿಂದ ಲೆಕ್ಕ ಹಾಕಿಕೊಂಡಿದ್ದಳು. ನಾಲ್ಕನೇ ವರ್ಷ ಮಾಡಿದರೆ ಎಂಎಸ್ಸಿ ಒಂದೇ ವರ್ಷ ಸಾಕು. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಅಂಕ ಬಂದರೆ ನೇರ ಪಿಎಚ್‌ಡಿಗೂ ಅರ್ಜಿ ಹಾಕಬಹುದು. ಆದೇಶ ಬಂದ ಮರುದಿನ ಅವಳು ಮೊಬೈಲಿನಲ್ಲಿ ಅದರ ಪಿಡಿಎಫ್ ಹಿಡಿದುಕೊಂಡು ಬಂದಳು. "ಮೇಡಂ, ನಾನೀಗ ಯಾವ ನೀತಿಯವಳು?" ಅಂತ ಕೇಳಿದಳು.

ಹಳೆಯ ಬ್ಯಾಚುಗಳಿಗೆ ನಾಲ್ಕನೇ ವರ್ಷದ ಅವಕಾಶವನ್ನು ಆದೇಶ ಉಳಿಸಿಯೇ ಇತ್ತು. ಆದರೆ ಕಾಗದದ ಮೇಲೆ ಅವಕಾಶ ಇದ್ದರೆ ಸಾಲದಲ್ಲ? ನಾಲ್ಕನೇ ವರ್ಷ ಬೇಕು ಅಂದವರು ನಮ್ಮ ಕಾಲೇಜಿನಲ್ಲಿ ಮೂರೇ ಜನ. ಮೂವರಿಗಾಗಿ ತರಗತಿ ನಡೆಸಲು ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ. ಅವಳು ಮೂರು ವರ್ಷಕ್ಕೇ ಡಿಗ್ರಿ ತೆಗೆದುಕೊಂಡು ಎರಡು ವರ್ಷದ ಎಂಎಸ್ಸಿಗೆ ಸೇರಿದಳು. ಈಗ ಕೊನೆಯ ಸೆಮಿಸ್ಟರಿನಲ್ಲಿ ಇದ್ದಾಳೆ, ಕಾಲೇಜಿನಲ್ಲಿ ಪಾಠ ಮಾಡಲು, ಸಂಶೋಧನೆಯ ಫೆಲೋಶಿಪ್ ಪಡೆಯಲು ಬರೆಯುವ ನೆಟ್ ಪರೀಕ್ಷೆಗೂ ಓದುತ್ತಿದ್ದಾಳೆ. ಅವಳ ಡಿಗ್ರಿಯನ್ನು ಯಾರೂ ಬೇಡ ಅನ್ನಲಿಲ್ಲ. ಹಾಕಿಕೊಂಡ ಲೆಕ್ಕ ಮಾತ್ರ ತಪ್ಪಿತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಸೇರಿದ ವರ್ಷ ಯಾವ ನಿಯಮ ಇತ್ತೋ ಅದರಲ್ಲೇ ಮುಗಿಸಲು ಬಿಡುತ್ತಾರೆ. ನಮ್ಮ ರಾಜ್ಯದಲ್ಲಿ ಈ ಸಲ ಹಾಗೇ ನಡೆದಿದೆ. ನಿಮ್ಮ ಮಗಳು ಈ ವರ್ಷ ಸೇರಿದರೆ 2029ಕ್ಕೆ ಮುಗಿಯುತ್ತದೆ, ಚುನಾವಣೆ ನಡುವೆ ಬರುತ್ತದೆ, ಆದರೂ ಅವಳ ಪದವಿಗೆ ತೊಂದರೆ ಬರಲಿಕ್ಕಿಲ್ಲ. ತೊಂದರೆ ಬರುವುದು ಪದವಿಯ ಸುತ್ತಮುತ್ತಲಿನದಕ್ಕೆ: ಪಾಠ ಮಾಡುವವರಿಗೆ, ಲ್ಯಾಬಿನ ಸಮಯಕ್ಕೆ, ಮುಂದಿನ ದಾರಿಗೆ.

ಯಾವುದು ಬೇಗ ಬದಲಾಗುತ್ತದೆ, ಯಾವುದು ಆಗುವುದಿಲ್ಲ ಅಂತ ತಿಳಿಯಲು ನಾನು ನೋಡುವುದು ಒಂದನ್ನೇ. ಅದು ಆದೇಶದ ಮೇಲೆ ನಿಂತಿದೆಯೋ, ಕಾಯ್ದೆಯ ಮೇಲೋ? ನಮ್ಮಲ್ಲಿ ಎನ್‌ಇಪಿ ಆದೇಶದಲ್ಲಿ ಬಂತು, ಆದೇಶದಲ್ಲೇ ಹೋಯಿತು. ಶಾಲೆಯ ಪಠ್ಯಪುಸ್ತಕವೂ ಹಾಗೇ. 2022ರಲ್ಲಿ ಪಠ್ಯ ಪರಿಷ್ಕರಣೆ ಆದಾಗ ಹತ್ತನೇ ತರಗತಿಯ ಸಮಾಜ ವಿಜ್ಞಾನದಿಂದ ನಾರಾಯಣ ಗುರುಗಳ ಪಾಠ ಬಿಟ್ಟುಹೋಯಿತು ಅಂತ ನಮ್ಮ ಕರಾವಳಿಯಲ್ಲಿ ಎಷ್ಟು ನೋವಾಯಿತು, ನಿಮಗೆ ನೆನಪಿರಬಹುದು. ಮರುವರ್ಷ ಜೂನ್‌ನಲ್ಲಿ ಹೊಸ ಸರ್ಕಾರ ಕೆಲವು ಪಾಠ ತೆಗೆದು ಕೆಲವನ್ನು ಸೇರಿಸಲು ತೀರ್ಮಾನಿಸಿತು. ಅಷ್ಟರಲ್ಲಿ ಪುಸ್ತಕ ಅಚ್ಚಾಗಿ ಶಾಲೆಗಳಿಗೆ ಬಂದಿತ್ತು. ಹಾಗಾಗಿ ತೆಳ್ಳಗಿನ ತಿದ್ದುಪಡಿ ಪುಸ್ತಿಕೆ ಬಂತು. ಯಾವ ಪಾಠ ಇರಬೇಕು ಅನ್ನುವುದರ ಬಗ್ಗೆ ನನಗೂ ಗಟ್ಟಿಯಾದ ಅಭಿಪ್ರಾಯ ಉಂಟು. ಆದರೆ ಶಾಲೆ ಶುರುವಾದ ಮೇಲೆ ಬದಲಿಸುವ ಅಭ್ಯಾಸವನ್ನು ಯಾವ ಪಕ್ಷ ಮಾಡಿದರೂ ನಾನು ಒಪ್ಪಲಾರೆ.

ಕಾಯ್ದೆಯ ಮೇಲೆ ನಿಂತದ್ದು ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ವಿಜ್ಞಾನದ ಸಂಶೋಧನೆಗೆ ಹಣ ಕೊಡುತ್ತಿದ್ದ ಎಸ್‌ಇಆರ್‌ಬಿ ಅನ್ನುವ ಮಂಡಳಿ 2008ರ ಕಾಯ್ದೆಯಿಂದ ಹುಟ್ಟಿದ್ದು. 2014ರಲ್ಲಿ ಕೇಂದ್ರ ಸರ್ಕಾರ ಬದಲಾದರೂ ಅದು ನಡೆದುಕೊಂಡೇ ಬಂತು. 2023ರಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿ ಅದನ್ನು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿಸಿತು.

ಇನ್ನೊಂದು ವಿಷಯ ಹೇಳಬೇಕು. ನೀತಿ ಬದಲಾಗಲು ಸರ್ಕಾರವೇ ಬದಲಾಗಬೇಕು ಅಂತ ಇಲ್ಲ. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಡಿಗ್ರಿ ಶುರು ಮಾಡಿತ್ತು. 2014ರಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಅದು ನಿಂತಿತು. ಆರು ವರ್ಷ ಕಳೆದ ಮೇಲೆ ಅದೇ ಪಕ್ಷದ ಸರ್ಕಾರ ಎನ್‌ಇಪಿಯಲ್ಲಿ ನಾಲ್ಕು ವರ್ಷದ ಡಿಗ್ರಿಯನ್ನು ತಂದಿತು. ಅಲ್ಪಸಂಖ್ಯಾತ ಸಮುದಾಯದ ಸಂಶೋಧಕರಿಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರ ಕೊನೆಗೆ ನಿಂತಾಗಲೂ ಕೇಂದ್ರದಲ್ಲಿ ಸರ್ಕಾರ ಬದಲಾಗಿರಲಿಲ್ಲ. ಆ ಹಣವನ್ನೇ ನಂಬಿಕೊಂಡು ಅರ್ಜಿ ಹಾಕಲು ಕಾದಿದ್ದ ಮಕ್ಕಳನ್ನು ಮಂಗಳೂರಿನಲ್ಲಿ ನಾನೇ ನೋಡಿದ್ದೇನೆ.

ಸಂಶೋಧನೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಮಗಳ ಆಸೆ ಅದು. 1976ರ ಸಂವಿಧಾನ ತಿದ್ದುಪಡಿಯ ನಂತರ ಶಿಕ್ಷಣ ಕೇಂದ್ರ ಮತ್ತು ರಾಜ್ಯ ಇಬ್ಬರಿಗೂ ಸೇರಿದ್ದು. ನೆಟ್ ಪರೀಕ್ಷೆ, ಫೆಲೋಶಿಪ್, ಪಿಎಚ್‌ಡಿ ನಿಯಮ ದೆಹಲಿಯಿಂದ ಬರುತ್ತವೆ. ನೆಟ್‌ನಲ್ಲಿ ಮುಂದೆ ಬಂದವರಿಗೆ ಕೊಡುವ ಜೆಆರ್‌ಎಫ್ ಅನ್ನುವ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. 2023ಕ್ಕೆ ಮೊದಲು ಅದು 31,000 ಇತ್ತು. ಆದರೆ ಆ ಜೆಆರ್‌ಎಫ್ ಹಿಡಿದುಕೊಂಡು ಅವಳು ಯಾರ ಹತ್ತಿರ ಹೋಗಬೇಕು? ಒಬ್ಬ ಗೈಡ್ ಹತ್ತಿರ. ಯುಜಿಸಿ ನಿಯಮದಂತೆ ಪ್ರೊಫೆಸರ್ ಒಬ್ಬರು ಎಂಟು ಜನಕ್ಕೆ, ಅಸೋಸಿಯೇಟ್ ಪ್ರೊಫೆಸರ್ ಆರು ಜನಕ್ಕೆ, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನಕ್ಕೆ ಗೈಡ್ ಆಗಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಅತಿಥಿ ಉಪನ್ಯಾಸಕರು ಗೈಡ್ ಆಗುವಂತಿಲ್ಲ. ಅಂದರೆ ಒಬ್ಬ ಪ್ರೊಫೆಸರ್ ನಿವೃತ್ತರಾಗಿ ಆ ಹುದ್ದೆ ತುಂಬದಿದ್ದರೆ ಎಂಟು ಸಂಶೋಧಕರ ಜಾಗ ಹೋದ ಹಾಗೆ. ಹುದ್ದೆ ತುಂಬಬೇಕಾದದ್ದು ರಾಜ್ಯ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಯಂ ಹುದ್ದೆಗಳು ಎಷ್ಟೋ ಖಾಲಿ ಬಿದ್ದಿವೆ. ಯಾವ ಪಕ್ಷ ಬಂದಾಗಲೂ ಖಾಲಿಯೇ ಇದ್ದವು. ನೀತಿ ಮೂರು ವರ್ಷವೋ ನಾಲ್ಕೋ ಅಂತ ಟಿವಿಯಲ್ಲಿ ಜಗಳ ಆಗುತ್ತದೆ. ಈ ಖಾಲಿ ಕುರ್ಚಿಗಳ ಬಗ್ಗೆ ಯಾರೂ ಜಗಳ ಆಡುವುದಿಲ್ಲ. ನನಗೆ ಇದಕ್ಕಿಂತ ದೊಡ್ಡ ನೋವು ಇನ್ನೊಂದಿಲ್ಲ.

ವಿಶ್ವವಿದ್ಯಾಲಯದ ಗಡಿಯೂ ಬದಲಾಗುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಶುರುವಾದದ್ದು. ದಕ್ಷಿಣ ಕನ್ನಡ, ಉಡುಪಿಯ ಜೊತೆಗೆ ಕೊಡಗಿನ ಕಾಲೇಜುಗಳೂ ಅದಕ್ಕೆ ಸೇರಿದ್ದವು. ಹಿಂದಿನ ಸರ್ಕಾರ ಹೊಸ ವಿಶ್ವವಿದ್ಯಾಲಯಗಳನ್ನು ಮಾಡಿದಾಗ ಕೊಡಗು ಬೇರೆಯಾಯಿತು. ಕಾಲೇಜುಗಳ ಜೊತೆ ಅವುಗಳಿಂದ ಬರುವ ಪರೀಕ್ಷಾ ಶುಲ್ಕ, ಸಂಯೋಜನೆ ಶುಲ್ಕವೂ ಹೋಯಿತು. 2025ರ ಫೆಬ್ರವರಿಯಲ್ಲಿ ಈಗಿನ ಸರ್ಕಾರದ ಸಂಪುಟ ಉಪಸಮಿತಿ ಆ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂದಿತು. ಕೊಡಗಿನದ್ದೂ ಅದರಲ್ಲಿ ಇತ್ತು.

ಹಣ ತಡವಾದರೆ ಏನಾಗುತ್ತದೆ ಅಂತ ನನ್ನ ಅನುಭವದಿಂದ ಹೇಳುತ್ತೇನೆ. ನನ್ನ ಪಿಎಚ್‌ಡಿ ಕೆಲಸ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮೇಲೆ. ಕೆಮ್ಮಣ್ಣು ಹತ್ತಿರ ಸ್ವರ್ಣಾ ನದಿಯ ಅಳಿವೆಯಲ್ಲಿ ನೂರ ಇಪ್ಪತ್ತು ಸಸಿಗಳಿಗೆ ನಂಬರಿನ ತಗಡು ಕಟ್ಟಿದ್ದೆ. ಪ್ರತಿ ತಿಂಗಳು ಇಳಿತದ ಹೊತ್ತಿಗೆ ದೋಣಿಯಲ್ಲಿ ಹೋಗಿ ಎತ್ತರ, ಎಲೆ, ನೀರಿನ ಉಪ್ಪು ಅಳೆಯಬೇಕು. ಎರಡನೇ ವರ್ಷ ಫೆಲೋಶಿಪ್ ಏಳು ತಿಂಗಳು ಬರಲಿಲ್ಲ. ಸರ್ಕಾರ ಬದಲಾಗಿರಲಿಲ್ಲ, ನೀತಿಯೂ ಬದಲಾಗಿರಲಿಲ್ಲ. ಖರ್ಚಿನ ಪ್ರಮಾಣಪತ್ರ ಒಂದು ಕಚೇರಿಯ ಮೇಜಿನ ಮೇಲೆ ಸಹಿಗೆ ಕಾಯುತ್ತಾ ಕುಳಿತಿತ್ತು. ದೋಣಿಯವರು ಮೂರು ತಿಂಗಳು ಸಾಲಕ್ಕೆ ಕರೆದುಕೊಂಡು ಹೋದರು. ಅವರಿಗೂ ಮನೆ ಇದೆ, ಎಷ್ಟು ದಿನ ಅಂತ ಕೇಳುವುದು? ಜುಲೈ, ಆಗಸ್ಟ್ ತಪ್ಪಿತು. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದಾಗ ಸಸಿ ಹೇಗೆ ಬೆಳೆಯುತ್ತದೆ ಅನ್ನುವುದೇ ನನ್ನ ಮುಖ್ಯ ಪ್ರಶ್ನೆಯಾಗಿತ್ತು. ಹಣ ಆಮೇಲೆ ಒಟ್ಟಿಗೆ ಬಂತು. ಆ ಮಳೆಗಾಲ ಬರಲಿಲ್ಲ. ನಾನು ಇನ್ನೊಂದು ವರ್ಷ ಕಾದೆ, ಅಷ್ಟರಲ್ಲಿ ಮೂವತ್ತು ಸಸಿ ನೆರೆಗೆ ಕೊಚ್ಚಿಹೋಗಿದ್ದವು.

ಹಾಗಾಗಿ ಸಂಶೋಧನೆಗೆ ಹೋಗುವ ಮಕ್ಕಳಿಗೆ ನಾನು ಹೇಳುವುದು, ಹೊಸ ಯೋಜನೆಯ ಘೋಷಣೆ ಕೇಳಿ ಹಿಗ್ಗಬೇಡಿ, ಹಳೆಯ ಯೋಜನೆಯ ಹಣ ಸಮಯಕ್ಕೆ ಬರುತ್ತಿದೆಯಾ ಅಂತ ಸೀನಿಯರ್‌ಗಳನ್ನು ಕೇಳಿ.

ನಮ್ಮ ಜಿಲ್ಲೆಗಳಿಗೇ ಸೇರಿದ ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊನೆಯ ವರದಿ ಕೊಟ್ಟಿತು. ಶಾಲೆಯಲ್ಲಿ ಎರಡು ಭಾಷೆ ಸಾಕು ಅನ್ನುವುದು ಅದರ ಒಂದು ಶಿಫಾರಸು. ಹಿಂದಿ ಹೇರಿಕೆ ಬೇಡ ಅನ್ನುವವರಿಗೆ ಇದು ಖುಷಿಯ ಸುದ್ದಿ, ನನಗೂ ಅದು ಅರ್ಥವಾಗುತ್ತದೆ. ಆದರೆ ನಮ್ಮ ಕಡೆ ಮಕ್ಕಳು ತುಳುವನ್ನು ಓದುತ್ತಿರುವುದು ಮೂರನೇ ಭಾಷೆಯಾಗಿ. ಮೂರನೆಯ ಜಾಗವೇ ಹೋದರೆ ತುಳು ಎಲ್ಲಿ ಕೂರಬೇಕು? ಬೆಂಗಳೂರಿನಲ್ಲಿ ನೀತಿ ಮಾಡುವವರಿಗೆ ಇದನ್ನು ನಾವೇ ಹೇಳಬೇಕು.

ಈಗ ನಿಮ್ಮ ಮಗಳ ವಿಷಯ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಅವಳ ಇಷ್ಟದ ವಿಷಯದಲ್ಲಿ ಖಾಯಂ ಅಧ್ಯಾಪಕರು ಎಷ್ಟು ಜನ ಇದ್ದಾರೆ ಅಂತ ಕೇಳಿ. ಕೇಳಲು ಸಂಕೋಚ ಬೇಡ. ಮೂರು ವರ್ಷದ ಬಿಎಸ್ಸಿ, ಎರಡು ವರ್ಷದ ಎಂಎಸ್ಸಿ, ಅದರಲ್ಲಿ ಶೇ. 55 ಅಂಕ ಇದ್ದರೆ ಪಿಎಚ್‌ಡಿಗೆ ಅರ್ಹತೆ. ಈ ಹಳೆಯ ದಾರಿ ಯಾವ ನೀತಿಯಲ್ಲೂ ಮುಚ್ಚಿಲ್ಲ. ಎಂಎಸ್ಸಿಯ ಮೊದಲ ವರ್ಷದಿಂದಲೇ ನೆಟ್‌ಗೆ ಓದಲಿ. ರಜೆಯಲ್ಲಿ ಒಮ್ಮೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರವನ್ನೋ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನೋ ತೋರಿಸಿ, ಅಲ್ಲಿ ಕೆಲಸ ಮಾಡುವವರ ಹತ್ತಿರ ಮಾತಾಡಿಸಿ.

ಮತ್ತೆ ಒಂದು ಫೈಲ್ ಮಾಡಿಡಿ. ಸೇರಿದ ವರ್ಷದ ಆದೇಶ, ಪ್ರತಿ ಸೆಮಿಸ್ಟರಿನ ಸಿಲೆಬಸ್, ಅಂಕಪಟ್ಟಿ, ಕ್ರೆಡಿಟ್ ಲೆಕ್ಕ ಎಲ್ಲ ಪ್ರಿಂಟ್ ತೆಗೆದು ಅದರಲ್ಲಿ ಹಾಕಿ. ಬೇರೆ ರಾಜ್ಯಕ್ಕೋ ವಿದೇಶಕ್ಕೋ ಹೋಗುವಾಗ ಯಾವ ಪದ್ಧತಿಯಲ್ಲಿ ಓದಿದ್ದು ಅಂತ ಕೇಳುತ್ತಾರೆ. ಅಷ್ಟರಲ್ಲಿ ವೆಬ್‌ಸೈಟಿನಿಂದ ಹಳೆಯ ಸಿಲೆಬಸ್ ತೆಗೆದಿರುತ್ತಾರೆ. 2021ರ ಬ್ಯಾಚಿನ ಮಕ್ಕಳು ಈಗ ನನಗೆ ಫೋನ್ ಮಾಡಿ ಕೇಳುವುದು ಅದನ್ನೇ. ನನ್ನ ಕಪಾಟಿನಲ್ಲಿ ಇನ್ನೂ ಇಟ್ಟಿದ್ದೇನೆ.