ವರ್ಚುವಲ್ ತರಗತಿ ಎಲ್ಲ ವಿದ್ಯಾರ್ಥಿಗಳಿಗೂ ಎಟುಕಬೇಕಾದರೆ ಏನು ಮಾಡಬೇಕು?

ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೆ ವರ್ಚುವಲ್ ತರಗತಿಯ ತಂತ್ರಾಂಶವನ್ನು ಆರಿಸುವಾಗ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳ ದೃಷ್ಟಿಯಿಂದ ಏನನ್ನು ಗಮನಿಸಬೇಕು ಎಂದು ಕೇಳಿದ್ದೀರಿ. ಮೌಸ್ ಮುಟ್ಟದೆ, ಕೀಬೋರ್ಡ್ ಒಂದರಿಂದಲೇ ತರಗತಿಗೆ ಸೇರಿ, ಕೈ ಎತ್ತಿ, ಪ್ರಶ್ನೆ ಕೇಳಿ ಹೊರಬರಲು ಸಾಧ್ಯವೇ ಎಂಬುದನ್ನು ಮೊದಲು ನೀವೇ ಪರೀಕ್ಷಿಸಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಬಿಗ್‌ಬ್ಲೂಬಟನ್ ಆಗಲಿ, ಜೂಮ್ ಆಗಲಿ, ಈ ಪರೀಕ್ಷೆ ಎಲ್ಲಕ್ಕೂ ಒಂದೇ.

ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ತೊಡಕು ಇರುವುದು ಸ್ಕ್ರೀನ್ ಹಂಚಿಕೊಳ್ಳುವುದರಲ್ಲಿ. ಬೋಧಕರು ಹಂಚಿದ ಪರದೆಯು ವಿದ್ಯಾರ್ಥಿಯ ಕಂಪ್ಯೂಟರಿಗೆ ಅಕ್ಷರಗಳಾಗಿ ಅಲ್ಲ, ವಿಡಿಯೋ ಆಗಿ ತಲುಪುವುದರಿಂದ, ಎನ್‌ವಿಡಿಎಯಂತಹ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ) ಅದರಲ್ಲಿನ ಬರಹವನ್ನು ನೇರವಾಗಿ ಓದಲಾರದು. ಸ್ಲೈಡುಗಳ ಕಡತವನ್ನು ತರಗತಿಗೆ ಮುನ್ನವೇ ಕಳುಹಿಸಿ, ನಕ್ಷೆ ತೋರಿಸುವಾಗ "ಇಲ್ಲಿ ನೋಡಿ, ಇದು ಹೀಗೆ ಏರುತ್ತದೆ" ಎನ್ನುವ ಬದಲು "ಉಷ್ಣತೆ ಹೆಚ್ಚಿದಂತೆ ಒತ್ತಡದ ಗೆರೆ ನೇರವಾಗಿ ಮೇಲೇರುತ್ತದೆ" ಎಂದು ಬಿಡಿಸಿ ಹೇಳಿದರೆ, ಕಣ್ಣು ಕಾಣದ ವಿದ್ಯಾರ್ಥಿಗೂ ಪಾಠ ದಕ್ಕುತ್ತದೆ. ಇದಕ್ಕೆ ಹಣ ಬೇಕಿಲ್ಲ, ಅಭ್ಯಾಸ ಬೇಕು.

ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂಬ ಡಬ್ಲ್ಯುಸಿಎಜಿ (ಜಾಲತಾಣಗಳು ಅಂಗವೈಕಲ್ಯವುಳ್ಳವರಿಗೂ ಎಟುಕುವಂತೆ ಮಾಡುವ ಅಂತರರಾಷ್ಟ್ರೀಯ ನಿಯಮಾವಳಿ) ಮಾರ್ಗಸೂಚಿಯನ್ನು ಸ್ಲೈಡುಗಳಲ್ಲಿಯೂ ಪಾಲಿಸಿ. ಕಿವಿ ಕೇಳದವರಿಗೆ ತಾನಾಗಿ ಮೂಡುವ ಕ್ಯಾಪ್ಷನ್‌ಗಳು ನೆರವಾದರೂ, ಪಾರಿಭಾಷಿಕ ಪದಗಳಲ್ಲಿ ಅವು ಎಡವುವುದರಿಂದ, ರೆಕಾರ್ಡ್ ಮಾಡಿದ ಪಾಠವನ್ನು ಹಂಚುವ ಮೊದಲು ಅವುಗಳನ್ನು ತಿದ್ದಲೇಬೇಕು. ಸಂಕೇತ ಭಾಷೆಯ ಅನುವಾದಕರು ಇರುವ ತರಗತಿಯಲ್ಲಿ, ಯಾರು ಮಾತನಾಡುತ್ತಿದ್ದರೂ ಅನುವಾದಕರ ವಿಡಿಯೋ ಪರದೆಯಿಂದ ಮರೆಯಾಗದಂತೆ ಪಿನ್ ಮಾಡುವ ಸೌಲಭ್ಯ ತಂತ್ರಾಂಶದಲ್ಲಿದೆಯೇ ಎಂದೂ ನೋಡಿ.