ಸ್ಟೆಮ್ ಸೆಲ್ ಕಸಿ ಮಾಡಿಸಿದರೆ ಪಾಪ ಬರುತ್ತಾ ಡಾಕ್ಟ್ರೇ?

ಪ್ರಶ್ನೆ: ನನ್ನ ಏಳು ವರ್ಷದ ಮಗನಿಗೆ ಥಲಸ್ಸೀಮಿಯಾ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಅವನ ಹತ್ತು ವರ್ಷದ ಅಕ್ಕನ ಕೋಶ ಅವನಿಗೆ ಪೂರ್ತಿ ಹೊಂದುತ್ತದೆ, ಸ್ಟೆಮ್ ಸೆಲ್ ಕಸಿ ಮಾಡಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ನಾವು ಕ್ಯಾಥೊಲಿಕರು. ಅದು ಭ್ರೂಣ ಕೊಂದು ತೆಗೆಯೋದು, ಚರ್ಚ್ ಒಪ್ಪಲ್ಲ ಅಂತ ಅತ್ತೆ ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಅತ್ತೆಯ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ, ಅರ್ಧ ನಿಜವಿದೆ. ಸ್ಟೆಮ್ ಸೆಲ್ ಅಂದರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡ ಮೊದಲ ಸಲ ಮನುಷ್ಯ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದು ಬೆಳೆಸಿತು. ಭ್ರೂಣಕ್ಕೆ ಆಗಿನ್ನೂ ಕೆಲವೇ ದಿನ. ಕೋಶ ತೆಗೆದ ಮೇಲೆ ಅದು ಉಳಿಯುವುದಿಲ್ಲ. ಗರ್ಭ ಕಟ್ಟಿದ ಗಳಿಗೆಯಿಂದಲೇ ಅದನ್ನು ಮನುಷ್ಯಜೀವ ಎಂದು ಗೌರವಿಸಬೇಕು ಎನ್ನುವ ಚರ್ಚ್ ಇದಕ್ಕೆ ಒಪ್ಪಿಲ್ಲ.

ಆದರೆ ನಿಮ್ಮ ಮಗನಿಗೆ ಹಾಕುವುದು ಅಕ್ಕನ ಅಸ್ಥಿಮಜ್ಜೆ, ಅಂದರೆ ಮೂಳೆಯೊಳಗಿನ ಮೆದು ಭಾಗ. ರಕ್ತ ತಯಾರಿಸುವ ಸ್ಟೆಮ್ ಸೆಲ್ ಅದರಲ್ಲೇ ಇರುತ್ತವೆ. ಅರಿವಳಿಕೆ ಕೊಟ್ಟು, ಸೊಂಟದ ಹಿಂಭಾಗದ ಮೂಳೆಗೆ ಸೂಜಿ ಹಾಕಿ ಎಳೆಯುತ್ತಾರೆ. ನೋಡಲು ರಕ್ತದ ಹಾಗೇ ಇರುತ್ತದೆ. ಚೀಲದಲ್ಲಿ ತುಂಬಿ ಡ್ರಿಪ್‌ನಲ್ಲಿ ಹಾಕುತ್ತಾರೆ, ಅಷ್ಟೇ. ಭ್ರೂಣದ ಮಾತೇ ಬರುವುದಿಲ್ಲ. ಕೋಶ ಕೊಟ್ಟವರಿಗೆ ಗಂಭೀರ ಹಾನಿಯಾಗದಿದ್ದರೆ ತಪ್ಪಿಲ್ಲ ಎಂದು ವ್ಯಾಟಿಕನ್‌ನ 2008ರ 'ಡಿಗ್ನಿಟಾಸ್ ಪರ್ಸೊನೆ' ದಾಖಲೆಯೇ ಹೇಳುತ್ತದೆ. ನಿಮ್ಮ ಫಾದರ್ ಬಾಯಲ್ಲೇ ಇದನ್ನು ಅತ್ತೆಗೆ ಹೇಳಿಸಿ. ನಮ್ಮಂಥವರ ಮಾತಿಗಿಂತ ಅದು ನಾಟುತ್ತದೆ.

ಜಾಸ್ತಿ ದಿನ ತಳ್ಳಬೇಡಿ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮಗೆ ಅದು ಸಿಕ್ಕಿದೆ. ತಡವಾದಷ್ಟೂ ಹಾಕಿಸಿದ ರಕ್ತದ ಕಬ್ಬಿಣ ಹೃದಯ, ಲಿವರ್‌ನಲ್ಲಿ ಸೇರುತ್ತದೆ. ಹಾಗಂತ ಕಸಿ ಸಲೀಸಲ್ಲ. ಮೊದಲು ಕೀಮೋ ಔಷಧಿ ಕೊಟ್ಟು ಮಗನ ಹಳೆಯ ಮಜ್ಜೆ ಖಾಲಿ ಮಾಡಬೇಕು. ಅಕ್ಕನ ಕೋಶಗಳು ತಮ್ಮನ ದೇಹದ ಮೇಲೇ ತಿರುಗಿಬೀಳುವುದೂ ಉಂಟು.

ಇನ್ನೊಂದು ಮಾತು. ಭ್ರೂಣ ಬಳಸಲ್ಲ ಎಂದ ಮಾತ್ರಕ್ಕೆ ಎಲ್ಲ ಸ್ಟೆಮ್ ಸೆಲ್ ಚಿಕಿತ್ಸೆಯೂ ಸರಿ ಎಂದಲ್ಲ. ಆಟಿಸಂ ವಾಸಿ ಮಾಡುತ್ತೇವೆಂದು ಲಕ್ಷಗಟ್ಟಲೆ ಕೀಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅದನ್ನು ಮಾನ್ಯ ಚಿಕಿತ್ಸೆ ಎಂದು ಒಪ್ಪುವುದಿಲ್ಲ. ನನ್ನ ಕೇಳಿದರೆ ದೊಡ್ಡ ಪಾಪ ಅದು.

ನಿಮ್ಮ ಮನೆಯಲ್ಲಿ ನನಗೆ ಚಿಂತೆ ಆ ಹುಡುಗಿಯದು. ಎಲ್ಲರೂ ತಮ್ಮನ ಸುತ್ತ ಇರುವಾಗ ಅವಳನ್ನು ಕೇಳುವವರು ಕಮ್ಮಿ, ಅಲ್ವಾ? ಕೆಲವು ದಿನ ಸೊಂಟ ನೋಯುತ್ತದೆ, ಮಜ್ಜೆ ಕೆಲವು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ ಎಂದು ಅವಳಿಗೆ ತಿಳಿಯುವಂತೆ ಹೇಳಿ. ಒಪ್ಪಿಗೆ ಕೇಳಿ. ಕಸಿ ಫಲಿಸದಿದ್ದರೆ ತಪ್ಪು ಅವಳದಲ್ಲ ಎಂದೂ ಮೊದಲೇ ಹೇಳಿ. ಅವಳ ಪರವಾಗಿ ನೋಡಲು, ತಮ್ಮನ ಚಿಕಿತ್ಸೆ ಮಾಡದ ಬೇರೊಬ್ಬ ಡಾಕ್ಟರ್ ಇರಲಿ ಎಂದು ಆಸ್ಪತ್ರೆಯಲ್ಲಿ ಕೇಳಿ.